ಕಡಬದ ಗುಡ್ಡದಲ್ಲಿ ನನ್ನ ಭೂಶೋಧನೆ

ಭೂಶೋಧಕರ ಪಾಠವನ್ನು ನನ್ನಷ್ಟು ಚೆನ್ನಾಗಿ ಮಾಡುವವರು ಕಡಬದ ಸುತ್ತಮುತ್ತ ಇನ್ನೊಬ್ಬರಿಲ್ಲ ಎಂಬುದು ಎಂಬತ್ತರ ದಶಕದಲ್ಲಿ ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಗದಗದ ಕಡೆಯಿಂದ ಮಾಸ್ತರನಾಗಿ ಬಂದು ಎಂಟು ತಿಂಗಳಾಗಿತ್ತು. ನೌಕರಿ ಖಾಯಂ ಆಗಬೇಕಾದರೆ ಇನ್ಸ್‌ಪೆಕ್ಟರರ ಎದುರು ಒಂದು ಮಾದರಿ ಪಾಠ ಮಾಡಬೇಕಿತ್ತು. ವಿಷಯ ಪರಿಸರ. ನಾನು ಅದನ್ನು ಚರಿತ್ರೆಗೆ ಗಂಟು ಹಾಕಿದೆ. ಗೇರು, ಅನಾನಸು, ಮೆಣಸಿನಕಾಯಿ ಎಲ್ಲ ಹಡಗು ಹತ್ತಿ ಬಂದ ಕಥೆ ಹೇಳಿ, ಆಮೇಲೆ ಮಕ್ಕಳನ್ನೇ ಭೂಶೋಧಕರನ್ನಾಗಿ ಮಾಡಿ ಶಾಲೆಯ ಹಿಂದಿನ ಗುಡ್ಡ ಹತ್ತಿಸುವುದು!

“ಆ ಕಡೆ ಏನೈತಿ ಅಂತ ಊರಾಗಿನವರನ್ನ ಒಂದ್ ಮಾತು ಕೇಳ್ರಿ” ಎಂದಳು ಹೆಂಡತಿ ಶಾರದೆ. ಕೇಳಿಕೊಂಡು ಹೋದರೆ ಅದು ಶೋಧನೆ ಹೇಗಾಗುತ್ತದೆ ಎಂದು ಅವಳಿಗೂ ಒಂದು ಸಣ್ಣ ಪಾಠ ಮಾಡಿದೆ.

ಬೆಳಿಗ್ಗೆ ಒಂಬತ್ತಕ್ಕೆ ಹೊರಟೆವು. ನಿಯಮ ಒಂದೇ: ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು. ಇನ್ಸ್‌ಪೆಕ್ಟರರು ಏದುಸಿರು ಬಿಡುತ್ತ ಹಿಂದೆ ಉಳಿದರು. ಗುಡ್ಡದಾಚೆ ಸಾಲಾಗಿ ಮರಗಳು. ಪ್ರತಿ ಮರದ ತೊಗಟೆಗೂ ಓರೆಯಾಗಿ ಗಾಯ. ಕೆಳಗೆ ಕಟ್ಟಿದ ತೆಂಗಿನ ಗೆರಟೆಯಲ್ಲಿ ಬೆಳ್ಳನೆಯ ಹಾಲು. ಇದು ನಾಗನಿಗೆ ಹಾಲೆರೆಯುವ ಸೀಮೆ. ಗಾಯಗೊಂಡ ಮರಕ್ಕೂ ಹಾಲಿಡುತ್ತಾರೆ ಎಂದು ನನಗೆ ಕೂಡಲೇ ಹೊಳೆಯಿತು. ಕಣ್ಣು ತುಂಬಿ ಬಂತು. ಇಂಥ ಜನಕ್ಕೆ ಪರಿಸರದ ಪಾಠ ಹೇಳಲು ನಾನ್ಯಾರು ಎನಿಸಿತು. ಆದರೂ ಹೇಳಿದೆ. ಹಾಲು ಗೆರಟೆಯಲ್ಲೇ ಉಳಿದರೆ ಮರಕ್ಕೇನು ಲಾಭ? ಅದನ್ನು ಬುಡಕ್ಕೆ ಸುರಿದು, ಗೆರಟೆಯಲ್ಲಿ ಹಕ್ಕಿಗಳಿಗೆ ನೀರಿಡಬೇಕೆಂದು ಅಪ್ಪಣೆ ಮಾಡಿದೆ.

ಏಳನೆಯ ತರಗತಿಯ ಲಿಸಿ ಕೈ ಎತ್ತಿದಳು. ಇಳಿಸಲು ಹೇಳಿದೆ. ಮತ್ತೆ ಎತ್ತಿದಳು. ಶಿಸ್ತಿನ ಮಹತ್ವ ವಿವರಿಸಿದೆ. ಉಳಿದವರು ಮುಖಮುಖ ನೋಡಿಕೊಂಡರೂ ಮಾಸ್ತರರ ಮಾತು ಮೀರಲಿಲ್ಲ. ಎರಡು ಸಾಲು ಬರಿದಾಯಿತು. ಮಕ್ಕಳಿಗೆ ಮಾದರಿಯಾಗಲೆಂದು ನಾನೂ ಹತ್ತಾರು ಗೆರಟೆಗಳನ್ನು ಬರಿಗೈಯಲ್ಲಿ ಬಳಿದೆ.

ಅಷ್ಟರಲ್ಲಿ ಇನ್ಸ್‌ಪೆಕ್ಟರರು ಬಂದರು. ಜೊತೆಗೆ ಬಕೆಟ್ ಹಿಡಿದ ಚಾಕೊ; ತೋಟದ ಯಜಮಾನರೂ ಅವರೇ, ಲಿಸಿಯ ಅಪ್ಪನೂ ಅವರೇ. ನಾನು ಕೈ ಮುಗಿದೆ. ಮುಗಿದ ಕೈ ಬಿಡಿಸಲು ಬರಲಿಲ್ಲ!

“ಎಂತ ಮಾಸ್ಟ್ರೇ, ರಬ್ಬರ್ ಹಾಲು ಎಲ್ಲ ಚೆಲ್ಲಿದ್ದಾ?” ಎಂದರು ಚಾಕೊ. ಅವರು ನಸುಕಿನಲ್ಲೇ ಎದ್ದು ತೊಗಟೆ ಗೀರಿ ಇಳಿಸಿದ ಹಾಲಂತೆ ಅದು. ನನಗೆ ನಿಜವಾಗಿ ನಾಚಿಕೆಯಾಯಿತು. ನಮಸ್ಕಾರದ ಭಂಗಿಯಲ್ಲೇ ಕ್ಷಮೆ ಕೇಳಿದೆ. ಅದು ಬಹಳ ವಿನಯವಾಗಿ ಕಂಡಿರಬೇಕು, ಅವರು ಬಕೆಟ್ ಕೆಳಗಿಟ್ಟರು.

ಇನ್ಸ್‌ಪೆಕ್ಟರರು ಇನ್ನೂ ಕೈ ಎತ್ತಿಕೊಂಡೇ ಇದ್ದ ಲಿಸಿಯನ್ನು ಕರೆದು, ಅವಳು ಹೇಳಬೇಕೆಂದಿದ್ದು ಏನೆಂದು ಕೇಳಿದರು.

“ಈ ಮರ ಸಹ ಹಡಗಲ್ಲಿ ಬಂದದ್ದು ಸರ್, ಈ ಗುಡ್ಡದ್ದಲ್ಲ. ಮೊದಲು ಇಲ್ಲಿ ಕಾಡು ಇತ್ತಂತೆ. ಈಗ ಹಕ್ಕಿ ಬರುದು ಕಡಿಮೆ. ಆದರೆ ನಮಗೆ ಊಟ ಇದರಿಂದಲೇ.”

ನಾನು ವಾರವಿಡೀ ತಯಾರಿಸಿದ್ದ ಪಾಠ ನಾಲ್ಕೇ ಮಾತಿನಲ್ಲಿ ಮುಗಿದುಹೋಯಿತು.

ಇನ್ಸ್‌ಪೆಕ್ಟರರು ವರದಿ ಬರೆದರು: ‘ಪಾಠ ಅತ್ಯುತ್ತಮ. ಬೋಧಿಸಿದವರು ಕುಮಾರಿ ಲಿಸಿ. ಶಿಕ್ಷಕರು ಕೈ ಮುಗಿದುಕೊಂಡು ಶ್ರದ್ಧೆಯಿಂದ ಆಲಿಸಿದರು. ಖಾಯಂ ವಿಚಾರ ಮುಂದಿನ ವರ್ಷ.’ ಕೈಯ ಅಂಟು ಬಿಡಿಸಿಕೊಂಡ ಮೇಲೆ ಅದರ ಕೆಳಗೆ ‘ಓದಿ ತಿಳಿದುಕೊಂಡಿದ್ದೇನೆ’ ಎಂದು ನಾನೇ ಬರೆದು ಸಹಿ ಮಾಡಬೇಕಾಯಿತು.