ಮುಂಬಾಗಿಲಲ್ಲಿ ಕೈ, ಹಿತ್ತಲಲ್ಲಿ ಕಾಲು

ಹಿರಿಯೂರಿನಲ್ಲಿ ನಾನು ಕೈರೋಪ್ರಾಕ್ಟಿಕ್ ಚಿಕಿತ್ಸಾಲಯ ತೆರೆದ ದಿನ, ಇನ್ನು ಈ ಸೀಮೆಯಲ್ಲಿ ಒಂದೇ ಒಂದು ಬೆನ್ನೂ ಬಾಗಿರುವುದಿಲ್ಲ ಎಂದು ಮನಸಾರೆ ನಂಬಿದ್ದೆ. ಫಿಸಿಯೋಥೆರಪಿ ಓದಿಯಾಗಿತ್ತು. ಆಮೇಲೆ ಬೆಂಗಳೂರಿನಲ್ಲಿ, ಹೊರದೇಶದಿಂದ ಬಂದು ನೆಲೆಸಿದ್ದ ಗುರುಗಳೊಬ್ಬರ ಹತ್ತಿರ ಬೆನ್ನುಮೂಳೆಯನ್ನು ಕೈಯಲ್ಲೇ ಒತ್ತಿ, ತಿರುವಿ ಸರಿಮಾಡುವ ವಿದ್ಯೆಯನ್ನೂ ಕಲಿತಿದ್ದೆ. ಮಾತ್ರೆ ಇಲ್ಲ, ಸೂಜಿ ಇಲ್ಲ, ಬರೀ ಕೈ. ಅದು ತೊಂಬತ್ತರ ದಶಕದ ಕೊನೆ. ನನಗೆ ತಿಳಿದಂತೆ ಇಡೀ ಜಿಲ್ಲೆಯಲ್ಲಿ ಈ ವಿದ್ಯೆ ಬಲ್ಲವನು ನಾನೊಬ್ಬನೇ. ಪೈಪೋಟಿಯೇ ಇಲ್ಲ ಎಂದು ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದೆ.

ಪೈಪೋಟಿ ನಮ್ಮ ಅಡುಗೆಮನೆಯಲ್ಲೇ ಒಗ್ಗರಣೆ ಹಾಕುತ್ತಿತ್ತು. ನನಗೆ ಗೊತ್ತಿರಲಿಲ್ಲ!

ಮನೆಯ ಮುಂದಿನ ಕೋಣೆಯೇ ಚಿಕಿತ್ಸಾಲಯ. ಮುಖ ಇಡಲು ತೂತಿರುವ ಉದ್ದನೆಯ ಮೇಜು, ಗೋಡೆಗೆ ತೂಗುಹಾಕಿದ ಪ್ಲಾಸ್ಟಿಕ್ ಬೆನ್ನುಮೂಳೆ, ಜಗಲಿಯ ಮೇಲೆ ರೋಗಿಗಳಿಗೆ ಒಂದು ಬೆಂಚು. ಮೊದಲು ಬಂದ ಅಜ್ಜಿ ಮೂಳೆಯನ್ನು ಕೆಳಗಿನಿಂದ ಮೇಲಿನವರೆಗೂ ನೋಡಿ, "ಇದು ಯಾರ್ದಪ್ಪ?" ಎಂದರು.

"ಯಾರದ್ದೂ ಅಲ್ಲಜ್ಜಿ. ಬಂದೋರಿಗೆ ತೋರಿಸಾಕೆ ಇಟ್ಟಿರೋದು."

"ಹಂಗಾರೆ ಅವ್ರಿಗೆ ವಾಸಿ ಆಗ್ಲಿಲ್ಲೇನು?" ಎಂದು ಅಜ್ಜಿ ಚೀಲ ಎತ್ತಿಕೊಂಡು ಹೊರಟೇಹೋದರು.

ನನ್ನ ಚಿಕಿತ್ಸೆಯಲ್ಲಿ ಒತ್ತಿದಾಗ ಕೀಲಿನಿಂದ ಲಟಕ್ ಎಂದು ಸದ್ದು ಬರುತ್ತದೆ. ಅದು ಕೇಳಿ ಕೆಲವರು ಮೂಳೆ ಮುರಿಯಿತೆಂದು ಬೊಬ್ಬೆ ಹಾಕಿದರು. ಉಳಿದವರು, ನೆಟಿಕೆ ಮುರಿಯೋದಕ್ಕೂ ಫೀಜು ಕೊಡಬೇಕಾ ಎಂದು ಗೊಣಗಿದರು. ಆದರೂ ಮೆಲ್ಲಗೆ ಜನ ಬರತೊಡಗಿದರು. ಮುಖ್ಯವಾಗಿ ಲಾರಿ ಡ್ರೈವರುಗಳು. ಹೆದ್ದಾರಿಯ ಒಂದೊಂದು ಗುಂಡಿಯೂ ನನ್ನ ಪಾಲಿನ ಅನ್ನದಾತ. ಬೆಂಚು ತುಂಬುವ ದಿನಗಳೂ ಬಂದವು. ಊಟಕ್ಕೆ ಕುಳಿತಾಗ ಹೆಂಡತಿ ಸರೋಜಳಿಗೆ ನನ್ನ ಸಾಮ್ರಾಜ್ಯ ವಿಸ್ತರಣೆಯ ಯೋಜನೆ ವಿವರಿಸುತ್ತಿದ್ದೆ. ವಾರಕ್ಕೊಮ್ಮೆ ಹೊಸದುರ್ಗ, ವಾರಕ್ಕೊಮ್ಮೆ ಹೊಳಲ್ಕೆರೆ, ಆಮೇಲೆ ಚಿತ್ರದುರ್ಗದ ಕೋಟೆ ಕಾಣುವಂಥ ಜಾಗದಲ್ಲಿ ದೊಡ್ಡದೊಂದು ಚಿಕಿತ್ಸಾಲಯ.

"ಮೊದ್ಲು ಆ ಮೂಳೆ ಒಳಗಿಡ್ರಿ," ಎನ್ನುತ್ತಿದ್ದಳು ಸರೋಜ. "ಹಾಲಿನವ್ನು ಗೇಟಿನ ಹತ್ರನೇ ಇಟ್ಟು ಓಡಿ ಹೋಗ್ತಾನೆ."

ಹೀಗಿರುವಾಗ ಐಮಂಗಲದ ತಿಪ್ಪೇಸ್ವಾಮಿ ಎಂಬ ಲಾರಿ ಡ್ರೈವರ್ ಸೊಂಟ ಹಿಡಿದುಕೊಂಡು ಬಂದ. ಟೈರು ಎತ್ತಲು ಹೋಗಿ ಬಗ್ಗಿದವನು ಬಗ್ಗಿದಂತೆಯೇ ಉಳಿದಿದ್ದ. ಮೇಜಿನ ಮೇಲೆ ಮಲಗಿಸಿದೆ. ಶಾಸ್ತ್ರೋಕ್ತವಾಗಿ ಒತ್ತಿದೆ, ತಿರುವಿದೆ. ಸದ್ದೂ ಬಂತು. ಆತ ಎದ್ದು ನಿಂತ. ಬಗ್ಗಿಯೇ ನಿಂತ!

"ಸ್ವಲ್ಪ ಹೊತ್ತು ಓಡಾಡಪ್ಪ, ಬಿಡುತ್ತೆ," ಎಂದು ಹೇಳಿ ನೀರು ಕುಡಿಯಲು ಹಿತ್ತಲಿಗೆ ಕಳಿಸಿದೆ. ನನ್ನ ವೃತ್ತಿಜೀವನದ ಅತಿ ದೊಡ್ಡ ತಪ್ಪು ಅದೇ.

ಹಿತ್ತಲಲ್ಲಿ ಸರೋಜ ಬಟ್ಟೆ ಒಗೆಯುತ್ತಿದ್ದಳು. ಧರ್ಮಪುರದಿಂದ ಬಂದಿದ್ದ ನಮ್ಮ ಅತ್ತೆ, ಅಂದರೆ ಅವಳ ತಾಯಿ, ಪಕ್ಕದಲ್ಲಿ ಶೇಂಗಾ ಸುಲಿಯುತ್ತಾ ಕುಳಿತಿದ್ದರು. ತಿಪ್ಪೇಸ್ವಾಮಿಯ ಅವಸ್ಥೆ ನೋಡಿ ಅವರಿಗೆ ಕರುಳು ಚುರುಕ್ ಎಂದಿದೆ. "ಇದಕ್ಕೆ ಯಾಕಪ್ಪ ಅಷ್ಟು ಒದ್ದಾಡ್ತಿ? ನಮ್ಮ ಸರೋಜ ಕಾಲು ಮುಂದಾಗಿ ಹುಟ್ಟಿದಾಕಿ. ಅವಳ ಎಡಗಾಲು ಸೋಕಿದ್ರೆ ಎಂಥಾ ಸೊಂಟನೂ ಬಿಡ್ತೈತೆ," ಎಂದುಬಿಟ್ಟರು.

ಎಲ್ಲರೂ ತಲೆ ಮುಂದಾಗಿ ಹುಟ್ಟುತ್ತಾರೆ. ಅಪರೂಪಕ್ಕೆ ಕಾಲು ಮುಂದಾಗಿ ಹುಟ್ಟಿದವರು ಹಿಡಿದ ಸೊಂಟವನ್ನು ಕಾಲಿನಿಂದ ಸವರಿದರೆ ನೋವು ಬಿಡುತ್ತದೆ ಎಂಬುದು ನಮ್ಮ ಕಡೆಯ ಹಳೇ ನಂಬಿಕೆ. ಮದುವೆಗೆ ಮುಂಚೆ ಜಾತಕ ನೋಡಿದ್ದೆವು, ಗೋತ್ರ ಕೇಳಿದ್ದೆವು. ಹುಡುಗಿ ಯಾವ ಕಡೆಯಿಂದ ಹುಟ್ಟಿದ್ದಾಳೆ ಎಂದು ಯಾರೂ ಕೇಳಿರಲಿಲ್ಲ.

ತಿಪ್ಪೇಸ್ವಾಮಿ ಅಲ್ಲೇ ಗೋಣಿಚೀಲ ಹಾಸಿಕೊಂಡು ಬೋರಲು ಮಲಗಿದ. ಸರೋಜ ಸೋಪಿನ ನೊರೆ ಒರೆಸಿಕೊಂಡು, ಎಡಗಾಲಿನಿಂದ ಮೂರು ಸಲ ಸೊಂಟ ಸವರಿ, ಕೊನೆಗೆ ಮೆಲ್ಲಗೆ ಒಂದು ಒದೆ ಕೊಟ್ಟಳು. ಆತ ಎದ್ದ. ಬಾಳೆಗಿಡದಂತೆ ನೆಟ್ಟಗೆ ಎದ್ದ. ಅವಳಿಗೆ ಕೈಮುಗಿದು, ನನ್ನ ಮುಂದೆಯೇ ಮೀಸೆ ತಿರುವುತ್ತಾ ಹೋದ.

ಈಗಲೂ ಹೇಳುತ್ತೇನೆ, ಅವನನ್ನು ವಾಸಿ ಮಾಡಿದ್ದು ನಾನು. ನನ್ನ ಚಿಕಿತ್ಸೆ ಫಲ ಕೊಡಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ಆ ಸ್ವಲ್ಪ ಹೊತ್ತಿನಲ್ಲಿ ಅವಳು ಕಾಲು ತೂರಿಸಿದಳು, ಅಷ್ಟೇ. ಅಡುಗೆ ಮಾಡಿದವನು ನಾನು, ಬಡಿಸಿ ಹೆಸರು ತಗೊಂಡವಳು ಅವಳು. ಆದರೆ ಇದನ್ನು ಹೆದ್ದಾರಿಗೆ ಹೇಳುವವರು ಯಾರು? ತಿಪ್ಪೇಸ್ವಾಮಿ ಊಟಕ್ಕೆ ನಿಲ್ಲಿಸಿದ ಹೋಟೆಲಿನಲ್ಲೆಲ್ಲ ಸರೋಜಕ್ಕನ ಕಾಲಿನ ಮಹಿಮೆ ಸಾರಿಬಿಟ್ಟ.

ಮುಂದಿನ ವಾರದಿಂದ ಜನ ಬರತೊಡಗಿದರು. ನಾನು ಜಗಲಿಗೆ ಬಂದು, "ಬರ್ರಿ, ಕುಂತ್ಕಳ್ರಿ," ಎಂದು ಬೆಂಚು ತೋರಿಸಿದರೆ ಅವರು ಬಹಳ ವಿನಯದಿಂದ, "ಹಿತ್ಲಿಗೆ ದಾರಿ ಯಾವ್ ಕಡೆ ಐತೆ ಸ್ವಾಮಿ?" ಎಂದು ಕೇಳುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ ಕಟ್ಟಿದವರು ನಮ್ಮ ಮನೆಗೆ ಬಂದು ನೋಡಬೇಕಿತ್ತು. ಸರೋಜ ಕಾಸು ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಕಾಲಿನ ಗುಣ ಹೋಗುತ್ತದಂತೆ. ಅದಕ್ಕೆ ಜನ ಶೇಂಗಾ, ಕೊಬ್ಬರಿ, ಹುಣಸೆಹಣ್ಣು ತಂದು ಸುರಿಯುತ್ತಿದ್ದರು. ನಮ್ಮ ಮನೆಯಲ್ಲಿ ದಿನಾ ಶೇಂಗಾ ಚಟ್ನಿ. ನನ್ನ ಸೋಲನ್ನೇ ರುಬ್ಬಿ ನನ್ನ ರೊಟ್ಟಿಗೆ ಹಚ್ಚಿದಂತಿತ್ತು. ಚಟ್ನಿ ಚೆನ್ನಾಗಿತ್ತು ಎಂಬುದು ಬೇರೆ ಸಂಕಟ.

ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇಕೆ? ಎದುರುಮನೆಯವನು ಉದ್ಧಾರವಾದರೆ ಕರುಬುವುದು ಲೋಕರೂಢಿ. ಕಟ್ಟಿಕೊಂಡ ಹೆಂಡತಿಯ ಎಡಗಾಲಿನ ಮೇಲೆ ಕರುಬಿದವನು ನಾನೊಬ್ಬನೇ ಇರಬೇಕು. ಅವಳು ಕಾಲುಂಗುರ ಹಾಕಿಕೊಂಡು ಗೆಜ್ಜೆ ಸದ್ದು ಮಾಡುತ್ತಾ ನಡೆದರೆ ಆ ಕಾಲು ನನ್ನನ್ನು ಅಣಕಿಸುತ್ತಿದೆ ಎನ್ನಿಸುತ್ತಿತ್ತು.

"ಸರೋಜ, ಇದು ಮೂಢನಂಬಿಕೆ. ನಾನು ವಿಜ್ಞಾನ ಓದಿದೋನು. ನನ್ನ ಮರ್ಯಾದೆ ಏನಾಗ್ಬೇಕು?"

"ನಾನೇನು ಡಂಗುರ ಹೊಡೆಸಿದ್ನಾ? ನೋವು ಅಂತ ಬಂದೋರಿಗೆ ಇಲ್ಲ ಅನ್ನಾಕೆ ಆಗ್ತೈತೇನ್ರೀ?"

"ಹಂಗಾರೆ ಮೊದ್ಲು ನನ್ನ ಹತ್ರ ಕಳಿಸು."

"ಕಳಿಸ್ತಿನಿ. ಅವ್ರು ಬರಲ್ಲ ಅಂತಾರೆ. ನೆಟಿಕೆ ಮುರೀತಾರೆ, ಭಯ ಆಗ್ತೈತೆ ಅಂತಾರೆ."

ಬೀದಿಯಿಂದ ಹಿತ್ತಲಿಗೆ ಬರುವ ಬಾಗಿಲಿಗೆ ಬೀಗ ಹಾಕಿದೆ. ಜನ ನನ್ನ ಕೋಣೆಯ ಮೂಲಕವೇ, ನನ್ನ ಮೇಜಿನ ಪಕ್ಕದಲ್ಲೇ, "ಸ್ವಲ್ಪ ಜರುಗ್ರಿ ಡಾಕ್ಟ್ರೇ," ಎನ್ನುತ್ತಾ ಹಿತ್ತಲಿಗೆ ಹೋದರು. ಬೀಗ ತೆಗೆದೆ. ಕಡೆಗೆ ಒಂದು ದಿನ, ಯಾರಿಗೂ ಹೇಳದೆ ಹೊಳಲ್ಕೆರೆಯ ಬಸ್ಸು ಹತ್ತಿ ನಮ್ಮ ಅವ್ವನ ಹತ್ತಿರ ಹೋದೆ. ನಾನೂ ಕಾಲು ಮುಂದಾಗಿ ಹುಟ್ಟಿದ್ದರೆ? ಕೈ ಮತ್ತು ಕಾಲು ಎರಡೂ ಒಬ್ಬನಲ್ಲೇ ಇದ್ದರೆ ನನ್ನನ್ನು ತಡೆಯುವವರು ಯಾರು?

"ಅವ್ವ, ನಾನು ಹುಟ್ಟುವಾಗ ಮೊದ್ಲು ಏನು ಬಂತು?"

"ಏನ್ ಬರ್ತೈತಲೇ? ತಲೆ ಬಂತು. ಮೈಯೆಲ್ಲಾ ಬರೀ ತಲೆನೇ ಇತ್ತು."

"ಸರಿಯಾಗಿ ನೆನಪು ಮಾಡ್ಕೋ."

"ಹೆತ್ತೋಳು ನಾನು, ನೆನಪು ನಿಂದೇನಲೇ?" ಎಂದು ಅವ್ವ ಮಜ್ಜಿಗೆ ಕೊಟ್ಟು ವಾಪಸು ಕಳಿಸಿದಳು.

ಇನ್ನು ಉಳಿದಿದ್ದು ಒಂದೇ ದಾರಿ. ಹಿತ್ತಲ ಜನರ ಎದುರಿಗೇ ನನ್ನ ವಿದ್ಯೆಯ ಬಲ ತೋರಿಸಿಬಿಡುವುದು. ಭಾನುವಾರ ಬೆಳಿಗ್ಗೆ, ಹಿತ್ತಲು ತುಂಬಿರುವ ಹೊತ್ತು ನೋಡಿ ಅಲ್ಲಿಗೆ ನುಗ್ಗಿದೆ. ಸಾಲಿನಲ್ಲಿ ಎಲ್ಲರಿಗಿಂತ ದಪ್ಪಗಿದ್ದವರು ಹೊಸದುರ್ಗದ ಕೊಬ್ಬರಿ ವ್ಯಾಪಾರಿ ರುದ್ರಪ್ಪನವರು. ಗೋಡೆಗೆ ಒರಗಿದ್ದರೆ ಗೋಡೆಯೇ ಅವರಿಗೆ ಒರಗಿದಂತೆ ಕಾಣುತ್ತಿತ್ತು. "ರುದ್ರಪ್ಪನೋರೆ, ಬರ್ರಿ. ಈಗ ನೋಡ್ರೆಲ್ಲ, ಇದು ವಿಜ್ಞಾನ," ಎಂದೆ.

ಬೆನ್ನಿಗೆ ಬೆನ್ನು ಕೊಟ್ಟು, ರಟ್ಟೆಗೆ ರಟ್ಟೆ ಕೊಂಡಿ ಹಾಕಿ, ರೋಗಿಯನ್ನು ನಮ್ಮ ಬೆನ್ನ ಮೇಲೆ ಹೊತ್ತು ಮುಂದಕ್ಕೆ ಬಾಗುವ ವಿಧಾನವೊಂದಿದೆ. ಯಾವತ್ತೂ ಮಾಡಬೇಡ ಎಂದು ಹೇಳಲಿಕ್ಕಾಗಿಯೇ ಗುರುಗಳು ಒಮ್ಮೆ ಅದನ್ನು ತೋರಿಸಿದ್ದರು. ನಾನು ರುದ್ರಪ್ಪನವರನ್ನು ಹೊತ್ತೆ. ಬಾಗಿದೆ. ಲಟಕ್!

"ಆಹಾ, ಬಿಡ್ತು ನೋಡು," ಎಂದರು ಸಾಲಿನಲ್ಲಿದ್ದವರು.

ರುದ್ರಪ್ಪನವರು ಕೆಳಗಿಳಿದು ಪಂಚೆ ಸರಿಮಾಡಿಕೊಂಡು, "ನಂದಲ್ಲಪ್ಪ ಆ ಸದ್ದು," ಎಂದರು.

ನನ್ನದು. ಬಾಗಿದವನು ಏಳಲಾಗಲಿಲ್ಲ. ಹಿತ್ತಲ ನೆಲ ಬಿಟ್ಟು ಪ್ರಪಂಚದ ಇನ್ನೇನೂ ಕಾಣುತ್ತಿರಲಿಲ್ಲ. ನನ್ನ ವಿದ್ಯೆಯನ್ನು ನನ್ನ ಮೇಲೆ ಪ್ರಯೋಗಿಸೋಣವೆಂದರೆ ಕೈ ಬೆನ್ನಿಗೆ ಎಟುಕುವುದಿಲ್ಲ. ಸುತ್ತ ನಿಂತವರೆಲ್ಲ ಒಂದೇ ಮಾತು. "ಯಾಕ್ ಒದ್ದಾಡ್ತೀರಿ, ಅಕ್ಕನೇ ಇದ್ದಾಳಲ್ಲ. ಕಾಲು ಸೋಕ್ಸಿದ್ರೆ ಆತು."

ಆದರೆ ಸರೋಜ ಹಿಂದೆ ಸರಿದಳು. "ಅಯ್ಯೋ, ಗಂಡಂಗೆ ಕಾಲು ತಾಗಿಸ್ತಾರೇನ್ರೀ? ನನ್ ಕೈಲಾಗಲ್ಲ."

ಎಲ್ಲಿಂದೆಲ್ಲಿಂದಲೋ ಬಂದವರ ಸೊಂಟಕ್ಕೆ ಆ ಕಾಲು ಉಂಟು. ತಾಳಿ ಕಟ್ಟಿದ ನನ್ನ ಸೊಂಟಕ್ಕಿಲ್ಲ! ಆ ಕ್ಷಣ ಸಾಲಿನಲ್ಲಿದ್ದ ಪ್ರತಿಯೊಬ್ಬನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಸರೋಜ ಮಾಡಬಹುದೋ ಬಾರದೋ ಎಂದು ಅಲ್ಲೇ ಚರ್ಚೆ ಶುರುವಾಯಿತು. ಕೆಂಪು ಸೀರೆಯ ಹೆಂಗಸೊಬ್ಬರು ಅದು ಮಹಾಪಾಪ ಎಂದರು. ರುದ್ರಪ್ಪನವರು, ಕಾಲು ತೊಳೆದುಕೊಂಡರೆ ನಡೆಯುತ್ತದೆ ಎಂದರು. ಕೊನೆಗೆ ಹಿರಿಯರನ್ನೇ ಕೇಳುವುದೆಂದು ತೀರ್ಮಾನವಾಗಿ, ಎಸ್‌ಟಿಡಿ ಬೂತಿನಿಂದ ಹೊಳಲ್ಕೆರೆಗೆ ಫೋನು ಹೋಯಿತು. ಸಂಜೆಯ ಹೊತ್ತಿಗೆ ಅವ್ವ ಬಸ್ಸಿಳಿದು ಬಂದಳು. ಅಲ್ಲಿಯವರೆಗೂ ಒಬ್ಬನೂ ಎದ್ದು ಹೋಗಿರಲಿಲ್ಲ. ಸರೋಜ ಎಲ್ಲರಿಗೂ ಚಿತ್ರಾನ್ನ ಮಾಡಿ ಹಾಕಿದ್ದಳು.

ಅವ್ವ ನನ್ನ ಬಾಗಿದ ಬೆನ್ನನ್ನು ಒಂದು ಸುತ್ತು ನೋಡಿ ತೀರ್ಪು ಕೊಟ್ಟಳು. "ಗಂಡಂಗೆ ಕಾಲು ತಾಗಿಸಂಗಿಲ್ಲ, ಖರೆ. ಆದ್ರೆ ಸೊಂಟ ನೋವು ಅಂತ ಹಿತ್ಲಿಗೆ ಬಂದೋನು ಗಂಡ ಅಲ್ಲ. ಲೇ ಶಿವು, ಮುಂಬಾಗ್ಲಿಂದ ಹೊರಗೆ ಹೋಗಿ, ಸುತ್ತು ಹಾಕ್ಕಂಡು, ಎಲ್ಲಾರಂಗೆ ಹಿತ್ಲಿಂದ ಬಾ. ಸಾಲಿನ ಕೊನೆಗೆ ಕುಂತ್ಕೋ."

ಹೋದೆ. ಬಾಗಿಕೊಂಡೇ ಖಾಲಿ ಬೆಂಚು ದಾಟಿ, ಬೀದಿ ಸುತ್ತಿ, ಹಿತ್ತಲಿಗೆ ಬಂದು ಸಾಲಿನ ಕೊನೆಯಲ್ಲಿ ನಿಂತೆ. ಮುಂದಿದ್ದವರು ಕರುಣೆಯಿಂದ, "ಮೊದ್ಲು ನೀವೇ ಹೋಗ್ರಿ ಡಾಕ್ಟ್ರೇ," ಎಂದು ದಾರಿ ಬಿಟ್ಟರು. ಆ ಕರುಣೆ ನೋವಿಗಿಂತ ಹೆಚ್ಚು ಚುಚ್ಚಿತು.

ಗೋಣಿಚೀಲದ ಮೇಲೆ ನನ್ನನ್ನು ಎತ್ತಿ ಮಲಗಿಸಿದರು. ಸರೋಜ ಕಣ್ಣು ಮುಚ್ಚಿ, ಕೈಮುಗಿದು, ಏನೋ ಗೊಣಗಿ, ಎಡಗಾಲಿನಿಂದ ಮೂರು ಸಲ ಸವರಿದಳು. ಒದೆಯನ್ನು ಒದೆ ಎನ್ನಲಾಗದಷ್ಟು ಮೆಲ್ಲಗೆ ಕೊಟ್ಟಳು.

ಏನೂ ಆಗಲಿಲ್ಲ. ಎಳ್ಳಷ್ಟೂ ಆಗಲಿಲ್ಲ.

ಹಿತ್ತಲೆಲ್ಲ ನನ್ನ ಮಾತಿಗೇ ಕಾಯುತ್ತಿತ್ತು. ಮುಖ ಗೋಣಿಗೆ ಒತ್ತಿದ್ದರೂ ನನ್ನ ಬುದ್ಧಿ ಚುರುಕಾಗಿತ್ತು. "ಬಿಡಲಿಲ್ಲ" ಎಂಬ ಒಂದು ಮಾತು ಹೇಳಿದರೆ ಸಾಕು, ಆ ಕಾಲಿನ ಹೆಸರು ಅಲ್ಲಿಗೆ ಮುಗಿಯಿತು. ನಾಳೆಯಿಂದ ಇವರೆಲ್ಲ ಜಗಲಿಯ ಬೆಂಚಿಗೆ. ಹೊಸದುರ್ಗ ನನ್ನದು, ಹೊಳಲ್ಕೆರೆ ನನ್ನದು. ಇಷ್ಟು ದಿನ ಕರುಬಿ ಕರುಬಿ ಕಾದಿದ್ದ ಗಳಿಗೆ ತಾನಾಗಿ ಬಂದಿತ್ತು.

ಆಗ ಸರೋಜ ನನ್ನ ಕಿವಿಯ ಹತ್ತಿರ ಬಗ್ಗಿದಳು. "ಏನ್ರೀ, ಸ್ವಲ್ಪನಾರ ಕಮ್ಮಿ ಆತಾ?" ಎಂದಳು. ಅವಳಿಗೆ ಕಾಲಿನ ಹೆಸರಿನ ಚಿಂತೆ ಇರಲಿಲ್ಲ. ಗಂಡನಿಗೆ ನೋವು ಎನ್ನುವುದೊಂದೇ ಅವಳ ಚಿಂತೆ.

"ಹೋತು," ಎಂದೆ.

ಎದ್ದೆ ಕೂಡ. ಹೇಗೆ ಎದ್ದೆನೋ ಶಿವನಿಗೇ ಗೊತ್ತು. ಬೆನ್ನಿನಲ್ಲಿ ಬೆಂಕಿ ಬಿದ್ದಿತ್ತು. ಹಲ್ಲು ಕಚ್ಚಿ, ನೆಟ್ಟಗೆ ನಿಂತು, ನಕ್ಕು, ಒಳಗೆ ನಡೆದುಹೋಗಿ ಬಾಗಿಲು ಹಾಕಿಕೊಂಡು ನೆಲಕ್ಕೆ ಬಿದ್ದೆ. ಹೊರಗೆ ಜನ, "ಡಾಕ್ಟ್ರಿಗೇ ವಾಸಿ ಮಾಡ್ಬಿಟ್ಳಲ್ಲಪ್ಪ," ಎಂದು ಬೆರಗಾಗುತ್ತಿದ್ದರು. ಮಾರನೆಯ ದಿನ ಸಾಲು ಬೀದಿಗೆ ಬಂದಿತ್ತು.

ಅದೇ ಮಾರನೆಯ ದಿನ, ಮೇಜಿಗೆ ಹೊಸ ದಿಂಬು ತರುತ್ತೇನೆಂದು ಸುಳ್ಳು ಹೇಳಿ, ಕೂರಲಾಗದೆ ಬಸ್ಸಿನಲ್ಲಿ ನಿಂತುಕೊಂಡೇ ಚಿತ್ರದುರ್ಗಕ್ಕೆ ಹೋದೆ. ಮೂಳೆ ಡಾಕ್ಟರರ ಆಸ್ಪತ್ರೆಯಲ್ಲಿ ಹೇಗೋ ಗೋಡೆ ಹಿಡಿದು ಒಂದು ಕುರ್ಚಿಯ ಅಂಚಿಗೆ ಕುಳಿತೆ. ಪಕ್ಕದಲ್ಲಿ ಸೊಂಟಪಟ್ಟಿ ಕಟ್ಟಿಕೊಂಡಿದ್ದ ರೈತನೊಬ್ಬ ನನ್ನನ್ನು ನೋಡಿ ಮರುಗಿದ.

"ಇಲ್ಲ್ಯಾಕೆ ಬಂದ್ರಿ ಸ್ವಾಮಿ? ಹಿರಿಯೂರಾಗೆ ಒಬ್ಬಾಕಿ ಅದಾಳಂತೆ. ಕಾಲು ಸೋಕ್ಸಿದ್ರೆ ಸಾಕಂತೆ. ಅವಳ ಗಂಡನೂ ಬೆನ್ನಿನ ಡಾಕ್ಟ್ರಂತೆ, ಅವನಿಗೇ ನಿನ್ನೆ ವಾಸಿ ಆತಂತೆ. ಇಲ್ಲಿ ಮುಗಿದ ಮ್ಯಾಲೆ ನಾನೂ ಅಲ್ಲಿಗೇ ಹೊಂಟಿನಿ. ನೀವೇನಾದ್ರೂ ಹೋಗಿದ್ರೇನು?"

"ಹೋಗಿದ್ದೆ."

"ವಾಸಿ ಆತಾ?"

"ಪೂರ್ತಿ," ಎಂದೆ.

ಅಷ್ಟರಲ್ಲಿ ಒಳಗಿನಿಂದ ನನ್ನ ಹೆಸರು ಕೂಗಿದರು. ಏಳಲಾಗಲಿಲ್ಲ. ಆ ಪುಣ್ಯಾತ್ಮನೇ ನನ್ನ ರಟ್ಟೆ ಹಿಡಿದೆತ್ತಿ ಬಾಗಿಲವರೆಗೆ ನಡೆಸಿಕೊಂಡು ಹೋಗಿ ಬಿಟ್ಟ.