ಒಂದು ಹನಿಯೂ ಬೀಳಬಾರದು

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ, ಡ್ರಾಯಿಂಗ್ ಮೇಷ್ಟ್ರು ಕಾರಿನಡಿ ಹಾಸಿದ್ದ ರಟ್ಟಿನ ಮೇಲೆ ಒಂದು ಹನಿ ಎಣ್ಣೆ ಬಿತ್ತು. ಮಂಡಿಯೂರಿ ನೋಡುತ್ತಿದ್ದ ಹಾಗೆಯೇ ಪಕ್ಕದಲ್ಲಿ ಇನ್ನೊಂದು ಬಿತ್ತು, ಮೊದಲನೆಯದಕ್ಕೆ ಜೊತೆ ಬೇಕೆಂಬಂತೆ.

ಕಾರು ಅವರದಲ್ಲ, ಮಾವನದು. ಹನ್ನೆರಡು ವರ್ಷ ಶೆಡ್ಡಿನಲ್ಲಿ ಕೋಳಿಗಳ ಸಂಸಾರಕ್ಕೆ ಜಾಗ ಕೊಟ್ಟಿದ್ದ ಅದನ್ನು ಮೇಷ್ಟ್ರು ಬೇಡಿ ತಂದು, ಎಂಜಿನ್ನನ್ನು ಪೂರ್ತಿ ಬಿಚ್ಚಿ, ಪುಸ್ತಕ ನೋಡಿಕೊಂಡು ಮತ್ತೆ ಜೋಡಿಸಿದ್ದರು. ಎರಡು ವರ್ಷದ ಬೇಸಿಗೆ ರಜೆ ಅದರಡಿ ಮಲಗಿಯೇ ಕಳೆದಿತ್ತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ, ಎಂಜಿನ್ನಿಗೆ ಎಲೆಹಸಿರು ಬಣ್ಣವನ್ನೂ ಬಳಿದಿದ್ದರು. ಹೋದ ವಾರ ಮಾವ ಫೋನ್ ಮಾಡಿದ್ದರು.

"ಭಾನುವಾರ ನಾಲ್ಕಕ್ಕೆ ಬರ್ತೀನಿ ಅಳಿಯಂದ್ರೆ. ಚಿಕ್ಕ ಅಳಿಯಂದ್ರೂ ಕಾರು ಕೇಳ್ತಿದಾರೆ. ಒಂದು ಸುತ್ತು ಹೋಗಿ ಬರೋಣ. ಒಂದು ಹನಿ ಆಯಿಲ್ಲೂ ಬೀಳಬಾರದು. ನೋಡ್ಕೊಂಡು ಯಾರಿಗೆ ಅಂತ ಹೇಳ್ತೀನಿ."

ಚಿಕ್ಕ ಅಳಿಯ ಎಂದರೆ ಮೇಷ್ಟ್ರ ಷಡ್ಡಕ. ಸ್ಪ್ಯಾನರನ್ನು ಯಾವ ತುದಿಯಲ್ಲಿ ಹಿಡಿಯಬೇಕೆಂದು ತಿಳಿಯದ ಮನುಷ್ಯ. ಆತ ಈ ಕಾರಿನ ಸ್ಟೀರಿಂಗ್ ಹಿಡಿಯುವುದನ್ನು ನೆನೆದರೆ ಮೇಷ್ಟ್ರಿಗೆ ಊಟ ಸೇರುತ್ತಿರಲಿಲ್ಲ.

ಎಲ್ಲಿಂದ ಸೋರುತ್ತಿದೆಯೆಂದು ನೋಡಲು ಎಂಜಿನ್ ಚಾಲು ಮಾಡಿದರು. ಸದ್ದಿಗೆ ಎದುರು ಮನೆಯ ನಿವೃತ್ತ ಬಸ್ ಡ್ರೈವರು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬಂದರು.

"ಮೂವತ್ತೈದು ವರ್ಷ ಬಸ್ ಓಡಿಸಿದೀನಿ ಮೇಷ್ಟ್ರೆ. ಇದು ಆಯಿಲ್ ಚೇಂಬರ್ ಬೋಲ್ಟು ಸಡಿಲ. ಕೊಡಿ ಇಲ್ಲಿ."

ಪುಸ್ತಕದಲ್ಲಿ ಹೆಚ್ಚು ಬಿಗಿ ಮಾಡಬಾರದು ಎಂದಿದೆ ಎಂದು ಮೇಷ್ಟ್ರು ಹೇಳುವುದರೊಳಗೆ ಡ್ರೈವರು ಬಸ್ಸಿನ ಚಕ್ರಕ್ಕೆ ಹಾಕುವ ಬಲವನ್ನೆಲ್ಲ ಹಾಕಿ ತಿರುಗಿಸಿದ್ದರು. ಚೇಂಬರಿನ ಸಂದಿ ಮುಚ್ಚುವ ಪ್ಯಾಕಿಂಗ್ ಪಕ್ಕಕ್ಕೆ ಹಿಂಡಿಕೊಂಡು ಹೊರಬಂತು. ನಿಮಿಷಕ್ಕೆ ಎರಡು ಬೀಳುತ್ತಿದ್ದ ಹನಿ ಎಂಟಾಯಿತು.

"ಈಗ ಗೊತ್ತಾಯ್ತು," ಎಂದರು ಡ್ರೈವರು. ಏನು ಗೊತ್ತಾಯಿತೆಂದು ಹೇಳಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ವಾಚು ರಿಪೇರಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಂದರು. ಎಂಜಿನ್ ಎಂದರೆ ದೊಡ್ಡ ಗಡಿಯಾರ, ಬೇರೇನಲ್ಲ ಎಂಬುದು ಅವರ ಸಿದ್ಧಾಂತ. ಪ್ಲಗ್ಗಿನ ನಾಲ್ಕೂ ವೈರುಗಳನ್ನು ಕಿತ್ತು, ಅಂಗಿಯ ತುದಿಯಲ್ಲಿ ಒರೆಸಿ, ತಿರುಗಿ ಸಿಕ್ಕಿಸಿದರು. ಆಮೇಲೆ ಎಂಜಿನ್ ಕುಂಟತೊಡಗಿತು.

"ಕಾರ್ಬೊರೇಟರ್ ಸ್ಕ್ರೂ ಅರ್ಧ ಸುತ್ತು ಒಳಗೆ," ಎಂದರು ಡ್ರೈವರು.

"ಅರ್ಧ ಸುತ್ತು ಹೊರಗೆ," ಎಂದರು ವಾಚಿನವರು.

ಒಬ್ಬರು ಒಳಗೆ ತಿರುಗಿಸಿದರು, ಇನ್ನೊಬ್ಬರು ಹೊರಗೆ. ಇಬ್ಬರ ಜಗಳದಲ್ಲಿ ಕೂಸು ಬಡವಾಯಿತು. ಕಾರು ಒಮ್ಮೆ ಕೆಮ್ಮಿ, ಸೈಲೆನ್ಸರಿನಿಂದ ಢಂ ಎಂದು ಮಸಿ ಕಾರಿತು. ಹಿಂದೆ ತಂತಿಯ ಮೇಲೆ ಒಣಗುತ್ತಿದ್ದ ಬಿಳಿ ಹಾಸುಬಟ್ಟೆ ಕಪ್ಪಾಯಿತು. ಅದು ಹಿಂದಿನ ಮನೆಯಲ್ಲಿದ್ದ, ಮೇಷ್ಟ್ರ ಶಾಲೆಯ ಹೆಡ್ ಮೇಡಂ ಅವರದು. ಮೇಡಂ ಬಾಗಿಲಿಗೆ ಬಂದು ನೋಡಿದರು. ಕೂಗಾಡಲಿಲ್ಲ. ಹಾಸುಬಟ್ಟೆಯನ್ನು ನಾಲ್ಕಾಗಿ ಮಡಿಸಿ, "ನಾಳೆ ಪ್ರೇಯರ್ ಆದ್ಮೇಲೆ ನನ್ನ ರೂಮಿಗೆ ಬನ್ನಿ," ಎಂದು ಒಳಗೆ ಹೋದರು.

ಮಧ್ಯಾಹ್ನವಾಯಿತು. ಎಂಜಿನ್ ಒರೆಸಿ ಪೌಡರ್ ಉದುರಿಸಿದರೆ ಸೋರುವ ಜಾಗದಲ್ಲಿ ಗೆರೆ ಮೂಡುತ್ತದೆ ಎಂದು ಪುಸ್ತಕ ಹೇಳಿತ್ತು. ಮೇಷ್ಟ್ರು ಹೆಂಡತಿಯ ಪೌಡರ್ ಡಬ್ಬ ಖಾಲಿ ಮಾಡಿದರು. ಗೆರೆ ಮೂಡಿತು. ಮೇಲೆ, ಕೆಳಗೆ, ಹಿಂದೆ, ಮುಂದೆ, ಜೋಡಣೆ ಇದ್ದಲ್ಲೆಲ್ಲ ಮೂಡಿತು. ಮೇಷ್ಟ್ರು ಕಲ್ಲಿನ ಮೇಲೆ ಕುಳಿತರು. ಅಳು ಬರುವುದೊಂದು ಬಾಕಿ.

ಪೌಡರ್ ಹುಡುಕಿಕೊಂಡು ಹೆಂಡತಿ ಬಂದಳು. ಬೆಳ್ಳಗಾದ ಎಂಜಿನ್ನನ್ನೂ ಗಂಡನ ಮುಖವನ್ನೂ ನೋಡಿ, ಡಬ್ಬದ ಮಾತು ಎತ್ತಲಿಲ್ಲ.

"ಕುಕ್ಕರ್ ಸೀಟಿ ಕಟ್ಕೊಂಡ್ರೆ ಹೀಗೇ ರೀ, ಸುತ್ತ ರಬ್ಬರಿನಿಂದ ಕಾರುತ್ತೆ. ಇದಕ್ಕೆ ಉಸಿರು ಬಿಡೋಕೆ ಜಾಗ ಇಲ್ವಾ?"

ಇತ್ತು. ಪಕ್ಕದಲ್ಲಿ ಒಂದು ಕೊಳವೆ ಇತ್ತು. ಮೇಷ್ಟ್ರು ಅದರೊಳಗೆ ತಂತಿಯ ಕೊಕ್ಕೆ ಹಾಕಿ ಎಳೆದರು. ಉದ್ದಕ್ಕೆ ಒಂದು ಬಟ್ಟೆ ಬಂತು. ಬಣ್ಣ ಬಳಿಯುವಾಗ ಒಳಗೆ ಹೋಗದಿರಲೆಂದು ತೂತುಗಳಿಗೆಲ್ಲ ಬಟ್ಟೆ ತುರುಕಿದ್ದರು. ಉಳಿದವನ್ನು ತೆಗೆದಿದ್ದರು, ಇದೊಂದನ್ನು ಮರೆತಿದ್ದರು.

"ನಿಮ್ಮ ಬನಿಯನ್," ಎಂದಳು ಹೆಂಡತಿ. "ಹೋದ ವರ್ಷದಿಂದ ಹುಡುಕ್ತಿದೀನಿ."

ಮೇಷ್ಟ್ರಿಗೆ ಹೋದ ಜೀವ ಬಂತು. ಮೊದಲು ಡ್ರೈವರನ್ನೂ ವಾಚಿನವರನ್ನೂ ಕೈಮುಗಿದು ಜಗಲಿಯ ಮೇಲೆ ಕೂರಿಸಿದರು. ಪೆಟ್ಟಿಗೆಯಲ್ಲಿದ್ದ ಹೊಸ ಪ್ಯಾಕಿಂಗ್ ಹಾಕಿ, ಬೋಲ್ಟುಗಳನ್ನು ಹದವಾಗಿ ಬಿಗಿದರು. ಎರಡನೆಯ ಪ್ಲಗ್ಗಿನ ವೈರು ಮೂರನೆಯದಕ್ಕೂ ಮೂರನೆಯದು ಎರಡನೆಯದಕ್ಕೂ ಕೂತಿದ್ದು ಕಣ್ಣಿಗೆ ಬಿತ್ತು. ಅದಲು ಬದಲು ಮಾಡಿದರು. ಕಿವಿಗೊಟ್ಟು, ಕೂದಲೆಳೆಯಷ್ಟು ತಿರುಗಿಸುತ್ತಾ ಸ್ಕ್ರೂ ಕೂರಿಸಿದರು. ಆಮೇಲೆ ಓಡುತ್ತಿರುವ ಎಂಜಿನ್ನಿನ ಮೇಲೆ ಒಂದು ಪೆನ್ಸಿಲ್ ನಿಲ್ಲಿಸಿದರು. ಪೆನ್ಸಿಲ್ ಬೀಳಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಮಾವ ಚಿಕ್ಕ ಅಳಿಯನನ್ನು ಕರೆದುಕೊಂಡು ಬಂದರು. ಮೂವರೂ ಕಾರಿನಲ್ಲಿ ಊರೆಲ್ಲ ಸುತ್ತಿದರು. ದಿಣ್ಣೆ ಹತ್ತಿದರು, ಇಳಿದರು. ಕಾರು ಕೆಮ್ಮಲಿಲ್ಲ, ಕುಂಟಲಿಲ್ಲ. ಹಿಂತಿರುಗಿದ ಮೇಲೆ ಮಾವ ಹೊಸ ರಟ್ಟು ಹಾಸಿಸಿ, ಕುರ್ಚಿ ಹಾಕಿಕೊಂಡು ಅರ್ಧ ಗಂಟೆ ಕುಳಿತರು. ಆಮೇಲೆ ರಟ್ಟು ಎಳೆಸಿ, ಬೆರಳಿನಿಂದ ಸವರಿ ನೋಡಿದರು. ಬೆರಳು ಶುಭ್ರವಾಗಿತ್ತು.

"ಭೇಷ್ ಅಳಿಯಂದ್ರೆ. ನಾನು ಕೊಂಡಾಗಲೂ ಇದು ಹೀಗಿರಲಿಲ್ಲ."

ಮೇಷ್ಟ್ರು ಕೀಲಿಕೈಗಾಗಿ ನಾಚುತ್ತ ಕೈ ಚಾಚಿದರು. ಮಾವ ಕೀಲಿಕೈಯನ್ನು ಷಡ್ಡಕನ ಅಂಗೈಯಲ್ಲಿಟ್ಟರು.

"ಚಿಕ್ಕ ಅಳಿಯಂದ್ರಿಗೆ ರಿಪೇರಿ ಅಂದ್ರೆ ಏನೂ ಬರಲ್ಲ ನೋಡಿ," ಎಂದು ಮೇಷ್ಟ್ರ ಹೆಗಲ ಮೇಲೆ ಪ್ರೀತಿಯಿಂದ ಕೈ ಹಾಕಿದರು. "ಸೋರೋ ಕಾರು ಕೊಟ್ರೆ ಹೆಂಡ್ತಿ ಮಕ್ಕಳನ್ನ ಕಟ್ಕೊಂಡು ನಡುದಾರೀಲಿ ನಿಂತ್ಬಿಡ್ತಾರೆ. ಅದಕ್ಕೇ ಪರೀಕ್ಷೆ ಇಟ್ಟಿದ್ದು. ನಿಮಗೇನು, ಹೇಗಿದ್ರೂ ನಡೆಯುತ್ತೆ. ಒಂದೇ ಒಂದು ಹನಿ ಬಿದ್ದಿದ್ರೂ ನಿಮ್ಮ ಹತ್ರಾನೇ ಬಿಡೋಣ ಅಂತಿದ್ದೆ."

ಮೇಷ್ಟ್ರು ಮೆಲ್ಲಗೆ ಮಂಡಿಯೂರಿ, ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ, ಕಾರಿನಡಿ ನೋಡತೊಡಗಿದರು. ಆಯುಷ್ಯದಲ್ಲಿ ಯಾವುದಕ್ಕೂ ಅವರು ಇಷ್ಟು ಆಸೆಪಟ್ಟಿರಲಿಲ್ಲ. ಬಹಳ ಹೊತ್ತಾದರೂ ಏಳದ್ದು ಕಂಡು ಮಾವನಿಗೆ ಗಾಬರಿಯಾಯಿತು.

"ಯಾಕೆ ಅಳಿಯಂದ್ರೆ, ಏನಾದ್ರೂ ಬೀಳ್ತಿದೆಯಾ?"

"ಇಲ್ಲ ಮಾವ," ಎಂದರು ಮೇಷ್ಟ್ರು ಕಾರಿನಡಿಯಿಂದಲೇ. "ಏನೂ ಬೀಳ್ತಿಲ್ಲ."