ಸೋಲಾರ್ ಬೇಲಿಯೊಳಗೆ ಉಳಿದ ಕುರಿಯ ಬಗ್ಗೆ ಅಧ್ಯಕ್ಷರಲ್ಲಿ ಅರಿಕೆ

ಸೂರ್ಯನನ್ನೇ ಕೆಲಸಕ್ಕೆ ಹಚ್ಚಿದವರೂ, ಹವಾಮಾನ ಕಾಪಾಡಲು ಹೊರಟ ಉದ್ಯಮಿಗಳ ಕೂಟಕ್ಕೆ ಮುಂದಾಳುಗಳೂ, ಫಾನ್ ರಾಂಗ್ ಬಯಲಿನ ಬಿಸಿಲಿಗೆ ಮರ್ಯಾದೆ ತಂದುಕೊಟ್ಟವರೂ ಆದ ಅಧ್ಯಕ್ಷ ಶ್ರೀ ದ್ವಾನ್ ಬಾ ಖೋಯ್ ಅವರ ಸನ್ನಿಧಿಗೆ.

ಮಾನ್ಯರೇ,

ತಾವು ಕ್ಷೇಮವಾಗಿರುವುದು ಹೆದ್ದಾರಿಯ ಹೋರ್ಡಿಂಗಿನಿಂದ ನಮಗೆ ದಿನವೂ ತಿಳಿಯುತ್ತಿದೆ. ಅದರಲ್ಲಿ ತಾವು ಒಂದು ಕುರಿಮರಿಯನ್ನು ಎದೆಗೆ ಅವಚಿಕೊಂಡು ನಗುತ್ತಿದ್ದೀರಿ, ಕೆಳಗೆ 'ಬೆಳಕೂ ನಮ್ಮದು, ಹಸಿರೂ ನಮ್ಮದು' ಎಂದು ಬರೆದಿದೆ. ಮರಿ ಮಾತ್ರ ನನ್ನದು. ಅದರ ಹಿಂಗಾಲು ಹಿಡಿದಿರುವ ನಾಲ್ಕು ಬೆರಳುಗಳೂ ನನ್ನವೇ. ಮಿಕ್ಕ ನನ್ನನ್ನು ತಮ್ಮ ಕಚೇರಿಯವರು ಕತ್ತರಿಸಿ ತೆಗೆದಿದ್ದಾರೆ. ಇದು ದೂರಲ್ಲ. ಅರವತ್ತೊಂದು ವರ್ಷದ ಚಾಮ್ ಜನಾಂಗದ ಹೆಂಗಸೊಬ್ಬಳ ಬೆರಳುಗಳಾದರೂ ಅಷ್ಟು ಎತ್ತರಕ್ಕೆ ಏರಿದುವಲ್ಲ ಎಂಬ ಸಂತೋಷವನ್ನು ಮೊದಲು ತಿಳಿಸಬೇಕೆನಿಸಿತು.

ನನ್ನ ಹೆಸರು ದಾಂಗ್ ಥಿ ಲೊವಾನ್. ನಮ್ಮಲ್ಲಿ ಮನೆಯೂ ಹಿಂಡೂ ಕಿರಿಯ ಮಗಳಿಗೆ ಬರುವುದರಿಂದ ಅಮ್ಮನ ಕುರಿಗಳು ನನಗೆ ಬಂದವು. ಈಗ ದೊಡ್ಡವು ನೂರ ನಲವತ್ತು ಇವೆ. ತಮ್ಮ ಸೋಲಾರ್ ಫಲಕಗಳು ನಿಂತಿರುವ ಬಯಲಿನಲ್ಲಿ ಅಮ್ಮನೂ ಕುರಿ ಮೇಯಿಸಿದ್ದಳು, ಅವಳಮ್ಮನೂ ಮೇಯಿಸಿದ್ದಳು. ಆದರೆ ಅವರಿಬ್ಬರೂ ಆ ನೆಲಕ್ಕೆ ಬೇಲಿ ಹಾಕಬೇಕೆಂದು ಯೋಚಿಸಲಿಲ್ಲ. ಮುಂದಾಳುತನದ ಗುಣ ನಮ್ಮ ವಂಶದಲ್ಲಿ ಇಲ್ಲವೆನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಫಲಕಗಳು ಬಂದ ಮೊದಲ ವರ್ಷವನ್ನು ನಾನು ಮರೆಯಲಾರೆ. ಧೂಳು ತೊಳೆದ ನೀರು ಕೆಳಗೆ ಬಿದ್ದು, ಮೇಲೆ ನೆರಳೂ ಇದ್ದುದರಿಂದ ಈ ಒಣ ನೆಲದಲ್ಲಿ ಎಂದೂ ಕಾಣದಂಥ ಹುಲ್ಲು ಎದ್ದಿತು. ತಮ್ಮ ಪ್ರಚಾರ ವಿಭಾಗದ ಅಧಿಕಾರಿ ಕುಮಾರಿ ತ್ರಾಮ್ ಅವರು ಮನೆಬಾಗಿಲಿಗೇ ಬಂದು, "ಅಮ್ಮಾ, ಕುರಿ ಒಳಗೆ ಬಿಡಿ. ನಿಮ್ಗೂ ಮೇವಾಯ್ತು, ನಮ್ಗೂ ಹುಲ್ಲು ಕೊಯ್ಯೋ ಕೆಲ್ಸ ತಪ್ತು" ಎಂದರು. ಆ ಬೇಸಿಗೆಯಲ್ಲಿ ಒಂದು ಕುರಿಯ ಹಾಲೂ ಬತ್ತಲಿಲ್ಲ. ತಾವು ಬಂದು ಚಿತ್ರ ತೆಗೆಸಿಕೊಂಡದ್ದೂ ಆಗಲೇ. ಚಿತ್ರ ಆದ ಮರುತಿಂಗಳು, ಕುರಿಗಳು ಕಂಬಕ್ಕೆ ಬೆನ್ನು ಉಜ್ಜುತ್ತವೆ ಎಂಬ ಗಂಭೀರ ಆಪಾದನೆಯ ಮೇಲೆ ಗೇಟು ಮುಚ್ಚಿತು. ಅಂದಿನಿಂದ ಹುಲ್ಲನ್ನು ಪೆಟ್ರೋಲ್ ಯಂತ್ರಗಳು ಕತ್ತರಿಸುತ್ತವೆ. ಅವು ಬೆನ್ನು ಉಜ್ಜುವುದಿಲ್ಲ, ಕಲ್ಲು ಹಾರಿಸಿ ಗಾಜು ಒಡೆಯುತ್ತವೆ ಅಷ್ಟೆ. ನಾನು ಹಿಂಡನ್ನು ಬೇಲಿ ಸುತ್ತಿಸಿ ಏಳು ಕಿಲೋಮೀಟರ್ ಆಚೆಗೆ ಹೊಡೆದುಕೊಂಡು ಹೋಗತೊಡಗಿದೆ. ಕಳೆದ ಬೇಸಿಗೆಯಲ್ಲಿ ಒಂಬತ್ತು ಗಬ್ಬದ ಕುರಿಗಳು ಆ ದಾರಿಯಲ್ಲೇ ದಿನ ತುಂಬುವ ಮೊದಲೇ ಕಂದುಹಾಕಿದವು. ವಾತಾವರಣಕ್ಕೆ ತಾವು ಮಾಡಿದ ಉಪಕಾರದ ಪಟ್ಟಿಯಲ್ಲಿ ಆ ಮರಿಗಳ ಹೆಸರಿಲ್ಲ, ಏಕೆಂದರೆ ಅವಕ್ಕೆ ಹೆಸರಿಡುವಷ್ಟು ಕಾಲ ಸಿಗಲಿಲ್ಲ.

ಹೋದ ತಿಂಗಳು ತ್ರಾಮ್ ಅವರು ಮತ್ತೆ ಬಂದರು. ಮೂವತ್ತು ದೊಡ್ಡ ಉದ್ಯಮಗಳ ಯಜಮಾನರು ತಮ್ಮಲ್ಲಿಗೆ ಬರುವವರಿದ್ದಾರೆ, ಕಲ್ಲಿದ್ದಲಿಗೆ ಕಡಿವಾಣ ಹಾಕಿ, ಸೋಲಾರ್ ವಿದ್ಯುತ್ ಸಾಗಿಸಲು ಹೊಸ ಲೈನು ಎಳೆಯಿರಿ ಎಂದು ಸರ್ಕಾರವನ್ನು ಕೇಳುವ ಪತ್ರಕ್ಕೆ ಇಲ್ಲಿಯೇ ಸಹಿ ಹಾಕುತ್ತಾರೆ ಎಂದು ತಿಳಿಸಿದರು. ಬೇಡಿಕೆ ನ್ಯಾಯವಾದದ್ದೇ. ಲೈನು ಸಾಲದೆ ತಮ್ಮ ಫಲಕಗಳಲ್ಲಿ ಎಷ್ಟೋ ನಡುಹಗಲಲ್ಲಿ ಸುಮ್ಮನೆ ಬಿಸಿಲು ಕಾಯಿಸಿಕೊಂಡು ನಿಂತಿರುವುದನ್ನು ನಾನೂ ಕೇಳಿ ಬಲ್ಲೆ.

"ಅವತ್ತೊಂದಿನ ಕುರಿ ಬೇಕಿತ್ತು ಅಮ್ಮಾ. ಬಿಳೀವೇ ಆದ್ರೆ ಚೆನ್ನ. ಸ್ವಲ್ಪ ಸ್ನಾನ ಮಾಡ್ಸಿ ತಂದ್ರೆ ಇನ್ನೂ ಚೆನ್ನ" ಎಂದರು ತ್ರಾಮ್.

ನನ್ನ ಗಂಡ ಕ್ವಾಂಗ್ ವಾನ್ ದಾಯ್ ಜಗಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದವರು ತಲೆ ಎತ್ತದೆಯೇ, "ಶಾಂಪೂ ನಿಮ್ದೋ ನಮ್ದೋ?" ಎಂದರು.

"ಗೇಟು ಯಾವಾಗ ತೆಗೀತೀರಿ ಅದು ಹೇಳು ಮಗಳೇ" ಎಂದೆ ನಾನು.

"ಅದು ಆಮೇಲೆ ನೋಡೋಣ ಅಮ್ಮಾ. ಮೊದ್ಲು ಕಾರ್ಯಕ್ರಮ ಚೆನ್ನಾಗಿ ಆಗ್ಲಿ."

ಕಾರ್ಯಕ್ರಮ ಬಹಳ ಚೆನ್ನಾಗಿಯೇ ಆಯಿತು, ಮಾನ್ಯರೇ. ಅತಿಥಿಗಳು ಬರುತ್ತಾರೆಂದು ತಮ್ಮವರು ಎರಡು ದಿನ ಮೊದಲೇ ಹುಲ್ಲನ್ನೆಲ್ಲ ನುಣ್ಣಗೆ ಕತ್ತರಿಸಿದ್ದರು. ಬಳಿಕ ಕುರಿಗಳಿಗೆ ತಿನ್ನಲು ಏನೂ ಇಲ್ಲವೆಂದು ಯಾರಿಗೋ ಹೊಳೆದು, ಬೆಳಿಗ್ಗೆ ಡೀಸೆಲ್ ಲಾರಿಯಲ್ಲಿ ಬೇರೆ ಊರಿನ ಹುಲ್ಲು ತರಿಸಿ ಫಲಕಗಳ ಕೆಳಗೆ ಹರಡಿಸಿದರು. ಇಷ್ಟು ದೂರದೃಷ್ಟಿಯನ್ನು ನಾನು ಯಾವ ಕುರುಬರಲ್ಲೂ ಕಂಡಿಲ್ಲ. ತಾವು ವೇದಿಕೆಯಿಂದ, ಈ ನೆಲ ಬೆಳಕನ್ನೂ ಬೆಳೆಯುತ್ತದೆ ಮೇವನ್ನೂ ಬೆಳೆಯುತ್ತದೆ, ಕುರಿಗಳು ನಮ್ಮ ಸಂಸ್ಥೆಯ ಕುಟುಂಬದವು ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ನಾನ ಮಾಡಿ ಹಸಿದಿದ್ದ ಕುಟುಂಬದವರು ಮಾತ್ರ ತಲೆ ಎತ್ತಲಿಲ್ಲ.

ಆಗ ವಿದೇಶದ ಅತಿಥಿಯೊಬ್ಬರು, ಎತ್ತರದ ಹೆಂಗಸು, ನನ್ನ ಹತ್ತಿರ ಬಂದು ಏನೋ ಕೇಳಿದರು. ತ್ರಾಮ್ ಅದನ್ನು ನನಗೆ ಹೇಳಿದರು: "ನಿಮ್ ಕುರಿ ಇಲ್ಲಿ ಎಷ್ಟು ದಿನಕ್ಕೊಂದ್ಸಲ ಮೇಯ್ತವೆ ಅಂತ ಕೇಳ್ತಿದಾರೆ."

"ಇವತ್ತು" ಎಂದೆ.

"ಇವತ್ತು, ಮತ್ತೆ?"

"ಇವತ್ತೇ. ನಾಳೆದು ಅಧ್ಯಕ್ಷರಿಗೆ ಗೊತ್ತು."

ತ್ರಾಮ್ ಅವರ ಮುಖ ಬಿಸಿಲಲ್ಲಿಟ್ಟ ಮೇಣದ ಹಾಗಾಯಿತು. ಅವರು ಇಂಗ್ಲಿಷಿನಲ್ಲಿ ಬಹಳ ಉದ್ದವಾಗಿ ಏನೋ ಹೇಳಿದರು, ವಿದೇಶದಮ್ಮ ಸಂತೋಷದಿಂದ ತಲೆಯಾಡಿಸಿದರು. ಆದರೆ ಪಕ್ಕದಲ್ಲಿ ನಿಂತಿದ್ದ ಸೈಗಾನಿನ ಬಟ್ಟೆ ಗಿರಣಿಯ ಮುದುಕರಿಗೆ ಎರಡು ಭಾಷೆಯೂ ಬರುತ್ತಿತ್ತು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, "ಆಯಮ್ಮ ಹೇಳಿದ್ದು ಹಾಗಲ್ವಲ್ಲಮ್ಮ, 'ದಿನಾ' ಅಂತ ಎಲ್ಲಿಂದ ತಂದೆ ನೀನು?" ಎಂದು, ಇದ್ದದ್ದನ್ನು ಇದ್ದ ಹಾಗೆ ವಿದೇಶದಮ್ಮನಿಗೆ ತಿಳಿಸಿಬಿಟ್ಟರು. ಎಲ್ಲರೂ ತಮ್ಮ ಕಡೆ ತಿರುಗಿದರು. ತಾವು ನನ್ನ ಎರಡೂ ಕೈ ಹಿಡಿದು, "ನಾಳೆಯಿಂದ್ಲೇ ಗೇಟು ತೆಗ್ದಿರುತ್ತೆ ಅಕ್ಕಾ, ಇದು ನನ್ನ ಮಾತು" ಎಂದಿರಿ. ಮತ್ತೆ ಚಪ್ಪಾಳೆಯಾಯಿತು.

ಮರುದಿನ ಬೆಳಿಗ್ಗೆ ಗೇಟಿಗೆ ಬೀಗವಿತ್ತು. ಕಾವಲುಗಾರ ಬಾಂಗ್ ತಲೆ ಕೆರೆದುಕೊಂಡ. "ಆರ್ಡರ್ ಬಂದಿಲ್ಲ ಅಕ್ಕಾ. ನಾನೇನ್ ಮಾಡ್ಲಿ? ಭಾಷಣ ಕೇಳಿ ಬೀಗ ತೆಗೀಬೇಡ ಅಂತ ಸಾಹೇಬ್ರು ಮೊದ್ಲೇ ಹೇಳವ್ರೆ."

ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಕಾರ್ಯಕ್ರಮದ ಸಂಜೆ ಹಿಂಡನ್ನು ಹೊರಗೆ ಹೊಡೆಯುವಾಗ ನನ್ನ ಎಣಿಕೆ ತಪ್ಪಿತ್ತು. ನೂರ ನಲವತ್ತು ಒಳಗೆ ಹೋಗಿ, ನೂರ ಮೂವತ್ತೊಂಬತ್ತು ಹೊರಗೆ ಬಂದಿದ್ದವು. ತುಂಬು ಗಬ್ಬದ ಕುರಿಯೊಂದು ಫಲಕಗಳ ಹನ್ನೆರಡನೆಯ ಸಾಲಿನ ಆಚೆ ಮಲಗಿಬಿಟ್ಟಿತ್ತು.

"ನಲವತ್ತು ವರ್ಷದಲ್ಲಿ ಒಂದ್ ಕುರೀನೂ ಕಳ್ಕೊಂಡವಳಲ್ಲ ನೀನು, ಇವತ್ತೇನಾಯ್ತೇ?" ಎಂದು ದಾಯ್ ಕೇಳಿದರು.

"ವಯಸ್ಸಾಯ್ತು ಕಣ್ರೀ" ಎಂದೆ. ಅವರು ಒಳಗೆ ಹೋಗಿ ಒಬ್ಬರೇ ನಗುವುದು ಕೇಳಿಸಿತು.

ಮಾನ್ಯರೇ, ನಾನು ನಿಶ್ಚಿಂತೆಯಿಂದ ಇದ್ದೆ ಎಂದು ತಾವು ತಿಳಿಯಬಾರದು. ಬೇಲಿಯಾಚೆ ಒಂಟಿಯಾಗಿ ಈಯಬೇಕಾದ ಕುರಿಯನ್ನು ನೆನೆದು ರಾತ್ರಿ ಎದ್ದೆದ್ದು ಕೂರುತ್ತಿದ್ದೆ. ದಿನಕ್ಕೆ ಎರಡು ಸಲ ತಂತಿಗೆ ಮುಖವಿಟ್ಟು ಅದನ್ನು ಕರೆಯುತ್ತಿದ್ದೆ, ಅದು ದೂರದಿಂದಲೇ ಒಂದು ಸಲ ಕೂಗಿ ಮತ್ತೆ ಉಳಿದ ಲಾರಿ ಹುಲ್ಲಿಗೆ ಬಾಯಿ ಹಾಕುತ್ತಿತ್ತು. ಗೇಟು ತೆಗೆಯಲು ಆರ್ಡರ್ ಇಲ್ಲದ ಬಾಂಗ್ ಅದಕ್ಕೆ ನೀರಿಡುತ್ತಿದ್ದ. ನಾಲ್ಕನೆಯ ದಿನ ಅವನೇ ಏದುಸಿರು ಬಿಡುತ್ತ ಫೋನ್ ಮಾಡಿದ. "ಅಕ್ಕಾ, ಎರಡು ಮರಿ ಹಾಕಿದೆ! ಚಿಕ್ಕದು ಮೊಲೆಗೇ ಹೋಗ್ತಿಲ್ಲ, ನಂಗೇನೂ ತಿಳೀತಿಲ್ಲ, ಬೇಗ ಬನ್ನಿ!"

"ಆರ್ಡರ್ ಬಂತಾ ತಮ್ಮಾ?"

"ಆರ್ಡರ್ ಹಾಳಾಗ್ಲಿ, ಬನ್ನಿ ಅಂದ್ನಲ್ಲ!"

ನಾನು ಓಡಿದೆ. ಕುರಿಗಳಿಗೆ ಬುದ್ಧಿ ಕಡಿಮೆ, ನಾನು ಓಡಿದರೆ ಅವೂ ಓಡುತ್ತವೆ. ಬಾಂಗ್ ನನ್ನೊಬ್ಬಳಿಗೆಂದು ತೆರೆದ ಗೇಟಿನಲ್ಲಿ ನನ್ನ ಹಿಂದೆ ನೂರ ಮೂವತ್ತೊಂಬತ್ತು ನುಗ್ಗಿದವು. ಅವನು ಕೈಯನ್ನು ಅಗಲಿಸಿ ನಿಲ್ಲಲು ನೋಡಿದನಂತೆ, ನಮ್ಮ ದೊಡ್ಡ ಟಗರು ಅವನಿಗೆ ಬೇರೆ ಸಲಹೆ ಕೊಟ್ಟಿತು. ನಾನು ಚಿಕ್ಕ ಮರಿಯ ಬಾಯಲ್ಲಿ ಬೆರಳಿಟ್ಟು ಚೀಪಿಸಿ, ತಾಯಿಯ ಮೊಲೆಗೆ ಹಚ್ಚಿ, ಅದು ಬಾಲ ಆಡಿಸುತ್ತ ಕುಡಿಯುವುದನ್ನು ನೋಡಿ ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಬಾಂಗ್ ತೊಡೆ ನೀವಿಕೊಳ್ಳುತ್ತ ಬಂದು ಪಕ್ಕದಲ್ಲಿ ಕೂತ. "ಈಗ ಇವನ್ನ ಹೊರಗೆ ಹಾಕು ಅಂದ್ರೆ ನನ್ ಕೈಲಾಗಲ್ಲ ಅಕ್ಕಾ. ಬೇಕಾದ್ರೆ ಅವ್ರೇ ಬಂದು ಹಾಕ್ಲಿ" ಎಂದ.

ಅದಾಗಿ ಒಂಬತ್ತು ದಿನಗಳಾದವು. ಹುಲ್ಲು ಮತ್ತೆ ಚಿಗುರಿದೆ, ಯಂತ್ರಗಳು ಶೆಡ್ಡಿನಲ್ಲಿವೆ, ಗಾಜು ಒಂದೂ ಒಡೆದಿಲ್ಲ. ಹಿಂಡನ್ನು ತೆರವು ಮಾಡಿ ಎಂದು ತಮ್ಮ ಕಚೇರಿಯಿಂದ ಮೂರು ಫೋನ್ ಬಂದವು. ತಾವೇ ಮೂವತ್ತು ಜನ ಮುಂದಾಳುಗಳೆದುರು ಕುಟುಂಬದವೆಂದು ಸಾರಿದ ಜೀವಗಳನ್ನು ಬೀದಿಗೆ ತಳ್ಳುವ ಪಾಪ ನನ್ನಿಂದ ಆಗದು, ಅದನ್ನು ತಾವೇ ಬಂದು, ಬೇಕಾದರೆ ಆ ಛಾಯಾಗ್ರಾಹಕರನ್ನೂ ಕರೆತಂದು ನೆರವೇರಿಸಬೇಕು ಎಂದು ಮೂರು ಸಲವೂ ವಿನಯದಿಂದಲೇ ಉತ್ತರಿಸಿದ್ದೇನೆ. ಬಟ್ಟೆ ಗಿರಣಿಯ ಮುದುಕರು ಮರಿಗಳ ಸುದ್ದಿ ಹೇಗೋ ಕೇಳಿ, ಫೋನ್ ಮಾಡಿ ಅವು ಹೇಗಿವೆ ಎಂದು ವಿಚಾರಿಸಿದ್ದಾರೆ, ಮುಂದಿನ ತಿಂಗಳು ವಿದೇಶದಮ್ಮನೊಂದಿಗೆ ನೋಡಲು ಬರುತ್ತಾರಂತೆ.

ಆದ್ದರಿಂದ ನನ್ನ ಬೇಡಿಕೆಗಳು ಇಷ್ಟೇ. ಮುಂದಿನ ನಿರ್ದೇಶಕರ ಸಭೆಗೆ ನಮ್ಮ ಟಗರನ್ನು ಕರೆಯಬೇಕು, ಅದು ಯಾವ ಕಾಗದವನ್ನು ಕೊಟ್ಟರೂ ಪೂರ್ತಿ ಅರಗಿಸಿಕೊಳ್ಳುತ್ತದೆ. ಸೂರ್ಯನಿಗೆ ಹೇಳಿ ನೆರಳನ್ನು ಬೇಲಿಯ ಹೊರಗೂ ಸ್ವಲ್ಪ ಬೀಳಿಸಬೇಕು. ಇವೆರಡೂ ಕಷ್ಟವೆನಿಸಿದರೆ, ಗೇಟು ಕುರಿಗಳಿಗೆ ವರ್ಷವಿಡೀ ತೆರೆದಿರುತ್ತದೆ ಎಂಬ ಒಂದು ಸಾಲನ್ನು ಸಹಿ, ಮೊಹರಿನೊಂದಿಗೆ ಕಳುಹಿಸಿದರೆ ಸಾಕು. ಕಲ್ಲಿದ್ದಲಿನ ವಿಷಯದಲ್ಲಿ ಇಡೀ ಸರ್ಕಾರಕ್ಕೆ ದಾರಿ ತೋರಿಸುವ ಕೈಗೆ ಒಂದು ಸಾಲು ಭಾರವಾಗಲಾರದು.

ಹನ್ನೆರಡನೆಯ ಸಾಲಿನ ನೆರಳಿನಲ್ಲಿ ಕೂತು ಉತ್ತರದ ದಾರಿ ನೋಡುತ್ತಿರುವ,

ತಮ್ಮ ವಿಶ್ವಾಸಿ,
ದಾಂಗ್ ಥಿ ಲೊವಾನ್

ವಿ. ಸೂ.: ತಮ್ಮ ಹೊಸ ಗಾಳಿಯಂತ್ರಗಳು ಸಮುದ್ರದಲ್ಲಿ ಏಳುತ್ತಿರುವುದರಿಂದ, ಉದ್ಘಾಟನೆಗೆ ನಗುಮುಖದ ಮೀನುಗಾರರು ಹತ್ತು ಜನ ಸಿಗಬಹುದೇ ಎಂದು ತ್ರಾಮ್ ನಿನ್ನೆ ಕೇಳಿದರು. ಕಡಲ ದಡದಲ್ಲಿರುವ ನನ್ನ ಭಾವನನ್ನು ವಿಚಾರಿಸಿದೆ. "ಮೊದ್ಲು ದೋಣಿ ಹೋಗೋ ದಾರಿ ಬಿಡೋಕೆ ಹೇಳು, ಆಮೇಲೆ ಹಲ್ಲು ತೋರಿಸ್ತೀನಿ" ಎಂದರು.